ಪೂರ್ತಿ ತೆಗೆದಿದ್ದೇವೆ ಅಂದಿದ್ದರಲ್ಲ!

ಸಾವಿತ್ರಿಯವರೇ,

ನಿಮ್ಮ ಕಾಗದ ತಲುಪಿತು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ ನಾಲ್ಕು ಪುಟ ಬರೆದಿದ್ದೀರಿ. ಪ್ರತಿ ಸಲ ಓದಿದ ಪುಸ್ತಕದ ಮಾತು ಇರುತ್ತಿತ್ತು, ಈ ಸಲ ಮೂರೂವರೆ ಪುಟ ನಿಮ್ಮ ಅಣ್ಣನದ್ದೇ. ಎಡಗಣ್ಣು ಸ್ವಲ್ಪ ಮುಂದೆ ಬಂದ ಹಾಗೆ ಕಾಣಿಸಿದ್ದು, ಥೈರಾಯ್ಡ್ ಇರಬಹುದೆಂದು ರಕ್ತ ಪರೀಕ್ಷೆಗಳಲ್ಲೇ ಕಾಲ ಕಳೆದದ್ದು, ಕೊನೆಗೆ ಎಂಆರ್‌ಐಯಲ್ಲಿ ಕಣ್ಣುಗೂಡಿನ ಹಿಂದೆ ಮೆನಿಂಜಿಯೋಮಾ ಸಿಕ್ಕಿದ್ದು, ದಿನವಿಡೀ ನಡೆದ ಆಪರೇಷನ್ನು. ಅದಾಗಿ ಆರು ವರ್ಷ ಅಣ್ಣ ತೋಟ ಸುತ್ತಿಕೊಂಡು ಆರಾಮಾಗಿದ್ದರು. ಈಗಿನ ಸ್ಕ್ಯಾನ್ ರಿಪೋರ್ಟಿನಲ್ಲಿ ಅದೇ ಜಾಗದಲ್ಲಿ ಗಡ್ಡೆ ಮರುಕಳಿಸಿದೆ ಎಂದು ಬಂದಿದೆ. ನಿಮ್ಮ ಪ್ರಶ್ನೆ ಒಂದೇ ಸಾಲಿನದು: ‘ಪೂರ್ತಿ ತೆಗೆದಿದ್ದೇವೆ ಅಂದಿದ್ದರಲ್ಲ, ಮತ್ತೆ ಹೇಗೆ ಬಂತು?’ ಅದರ ಕೆಳಗೆ ಏನೋ ಬರೆದು ಹೊಡೆದು ಹಾಕಿದ್ದೀರಿ. ಬೆಳಕಿಗೆ ಹಿಡಿದರೆ ಓದಲು ಬರುತ್ತದೆ. ‘ಸುಳ್ಳು ಹೇಳಿದರೇ?’

ಸುಳ್ಳು ಹೇಳಿರಲಿಕ್ಕಿಲ್ಲ. ಅವರು ಹೇಳಿದ್ದೂ ನಿಜ, ಈಗ ಬಂದಿರುವುದೂ ನಿಜ. ‘ಪೂರ್ತಿ ತೆಗೆದೆವು’ ಎಂಬುದು ಆ ದಿನದ ಆಪರೇಷನ್ನಿನ ಬಗ್ಗೆ ಆಡಿದ ಮಾತು. ಗಡ್ಡೆಯ ಮುಂದಿನ ನಡೆ ಏನು ಎಂಬುದು ಬೇರೆಯೇ ವಿಷಯ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತವರಿಗೆ ಈ ಎರಡೂ ಒಂದೇ ಎಂದು ಕೇಳಿಸುತ್ತದೆ, ಹೇಳುವವರೂ ಬಿಡಿಸಿ ಹೇಳುವುದಿಲ್ಲ. ಅತ್ತಿಗೆಯವರು ಮದುವೆ ಮನೆಗೆಂದು ಬೈಕಿನಲ್ಲಿ ಕರೆದುಕೊಂಡು ಹೋದದ್ದರಿಂದ ಹೀಗಾಯಿತೇ ಎಂದು ಕೊರಗುತ್ತಿದ್ದಾರಂತಲ್ಲ, ಅದನ್ನು ಇವತ್ತೇ ನಿಲ್ಲಿಸಲು ಹೇಳಿ. ಬೈಕಿನಿಂದಾಗಲಿ, ಬಿಸಿಲಿನಿಂದಾಗಲಿ, ನಂಜಿನ ಪದಾರ್ಥದಿಂದಾಗಲಿ ಈ ಗಡ್ಡೆ ಮರಳುವುದಿಲ್ಲ.

ನಾನು ಕತ್ತಿ ಹಿಡಿದವನಲ್ಲ, ನಿಮಗೆ ಗೊತ್ತು. ಕತ್ತಿ ಹಿಡಿದವರು ತೆಗೆದುಕೊಟ್ಟದ್ದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಹೆಸರು ಹೇಳುತ್ತಿದ್ದವನು, ಮಿಕ್ಕ ಹೊತ್ತು ಅದನ್ನೇ ಹುಡುಗರಿಗೆ ಪಾಠ ಮಾಡುತ್ತಿದ್ದವನು. ಹಾಗಾಗಿ ನನಗೆ ಗೊತ್ತಿರುವ ತುದಿಯಿಂದಲೇ ಶುರು ಮಾಡುತ್ತೇನೆ.

ಮೆದುಳಿಗೂ ಬುರುಡೆಗೂ ನಡುವೆ ಮೂರು ಪೊರೆಗಳಿವೆ. ಹೊರಗಿನದು ಡ್ಯೂರಾ, ದಪ್ಪ, ಗಟ್ಟಿ, ಮೂಳೆಗೆ ಅಂಟಿಕೊಂಡಿರುತ್ತದೆ. ಮಧ್ಯದ ಪೊರೆಯ ಜೀವಕೋಶಗಳು ಹದ ತಪ್ಪಿ ಬೆಳೆದಾಗ ಆಗುವುದೇ ಮೆನಿಂಜಿಯೋಮಾ. ಅದು ಮೆದುಳಿನ ಗಡ್ಡೆ ಎಂದು ಕರೆಸಿಕೊಂಡರೂ ಹುಟ್ಟಿದ್ದು ಮೆದುಳಿನಲ್ಲಲ್ಲ. ಡ್ಯೂರಾಕ್ಕೆ ಬೇರು ಬಿಟ್ಟು, ಮೆದುಳನ್ನು ಪಕ್ಕಕ್ಕೆ ಒತ್ತುತ್ತ ನಿಧಾನವಾಗಿ ಬೆಳೆಯುತ್ತದೆ. ಫಾರ್ಮಲಿನ್ ಡಬ್ಬಿಯಿಂದ ತೆಗೆದು ಬ್ಲೇಡಿನಲ್ಲಿ ಕೊಯ್ದರೆ ಕೆಲವು ಮೆನಿಂಜಿಯೋಮಾಗಳು ಕರಕರ ಎನ್ನುತ್ತವೆ. ಒಳಗೆ ಸುಣ್ಣದಂಶದ ಸಣ್ಣ ಸಣ್ಣ ಗುಂಡುಗಳು ಕೂತಿರುತ್ತವೆ. ಬಣ್ಣ ಹಾಕಿ ನೋಡಿದರೆ ಅವು ನೇರಳೆ ಬಣ್ಣದಲ್ಲಿ, ಪದರದ ಮೇಲೆ ಪದರವಾಗಿ ಕಾಣುತ್ತವೆ. ಸುತ್ತಲಿನ ಕೋಶಗಳು ಒಂದನ್ನೊಂದು ಸುತ್ತಿಕೊಂಡು ಸುರುಳಿಯಾಗಿರುತ್ತವೆ. ನಮ್ಮ ಹುಡುಗರು ಪರೀಕ್ಷೆಯಲ್ಲಿ ತಪ್ಪದೆ ಗುರುತಿಸುತ್ತಿದ್ದ ಸ್ಲೈಡು ಇದೊಂದೇ. ನೋಡಲು ಚೆಂದ, ಅದನ್ನು ಹೇಳಲು ಈಗ ಸಂಕೋಚವಾಗುತ್ತದೆ.

ಆದರೆ ನಾನು ಆ ಡಬ್ಬಿ ನೋಡಿ ಹೇಳಲಾಗದ ಒಂದು ವಿಷಯ ಇತ್ತು: ಎಲ್ಲವೂ ಬಂದಿದೆಯೇ ಎಂಬುದು. ಸ್ತನದ ಗಡ್ಡೆಯನ್ನು ತೆಗೆದು ಕಳಿಸಿದಾಗ ಸುತ್ತಲಿನ ಒಳ್ಳೆಯ ಮಾಂಸವನ್ನೂ ಒಂದಿಷ್ಟು ಸೇರಿಸಿಯೇ ತೆಗೆದಿರುತ್ತಾರೆ. ನಾವು ಅದರ ಹೊರಮೈಗೆ ಶಾಯಿ ಬಳಿದು, ಕೊಯ್ದು, ಶಾಯಿಯ ಗೆರೆಯವರೆಗೆ ಕ್ಯಾನ್ಸರ್ ಮುಟ್ಟಿಲ್ಲ ಎಂದು ನೋಡಿಯೇ ‘ಅಂಚು ಸ್ವಚ್ಛ’ ಎಂದು ಬರೆಯುತ್ತೇವೆ. ತಲೆಯೊಳಗಿನ ಗಡ್ಡೆ ಹಾಗೆ ಇಡಿಯಾಗಿ ಬರುವುದು ಅಪರೂಪ. ಒಳಗಿನಿಂದ ತೋಡುತ್ತ, ಅಲ್ಟ್ರಾಸೌಂಡಿನ ಕಂಪನದಿಂದ ಪುಡಿ ಮಾಡಿ ಹೀರುತ್ತ, ಚೂರು ಚೂರಾಗಿ ತೆಗೆಯುತ್ತಾರೆ. ಅರ್ಧ ಗಡ್ಡೆ ಹೀರುವ ಬಾಟಲಿಗೇ ಹೋಗಿರುತ್ತದೆ. ನನ್ನ ಮುಂದೆ ಬರುವ ಚೂರುಗಳಿಗೆ ಅಂಚು ಎಂಬುದೇ ಇರುವುದಿಲ್ಲ. ಹಾಗಾಗಿ ‘ಪೂರ್ತಿ’ ಎಂಬ ಮಾತಿಗೆ ಸಾಕ್ಷಿ ಸರ್ಜನ್ನರ ಕಣ್ಣು, ಆಮೇಲಿನ ಎಂಆರ್‌ಐ, ಇವೆರಡೇ. ಎರಡೂ ಒಳ್ಳೆಯ ಸಾಕ್ಷಿಗಳೇ. ಆದರೆ ಡ್ಯೂರಾದ ಮೇಲೆ ಒಂದು ಬೆರಳಿನಾಚೆ ಕೂತ ನೂರಿನ್ನೂರು ಕೋಶಗಳು ಇಬ್ಬರಿಗೂ ಕಾಣುವುದಿಲ್ಲ.

ಈ ಪಾಠ ಕಲಿತವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಹಾರ್ವೆ ಕುಶಿಂಗ್ ಅವರದು. ನರಶಸ್ತ್ರಚಿಕಿತ್ಸೆಯನ್ನು ಒಂದು ಪ್ರತ್ಯೇಕ ವಿದ್ಯೆಯಾಗಿ ನಿಲ್ಲಿಸಿದ ಅಮೆರಿಕದ ಸರ್ಜನ್ ಅವರು. ಮೆನಿಂಜಿಯೋಮಾ ಎಂಬ ಹೆಸರು ಚಲಾವಣೆಗೆ ಬಂದದ್ದೂ ಅವರಿಂದಲೇ, 1922ರಲ್ಲಿ. 1910ರಲ್ಲಿ ಅವರ ಬಳಿಗೆ ಲಿಯೊನಾರ್ಡ್ ವುಡ್ ಎಂಬ ಸೇನಾಧಿಕಾರಿ ಬಂದರು. ಸಾಮಾನ್ಯ ಮನುಷ್ಯರಲ್ಲ, ಆ ವರ್ಷ ಅಮೆರಿಕದ ಸೇನೆಯ ಮುಖ್ಯಸ್ಥರ ಹುದ್ದೆಗೆ ಬಂದವರು. ಹಾರ್ವರ್ಡ್‌ನಲ್ಲಿ ಓದಿದ ವೈದ್ಯರೂ ಹೌದು. ಹಿಂದೆ ಕ್ಯೂಬಾದಲ್ಲಿದ್ದಾಗ ತಲೆಗೆ ಪೆಟ್ಟು ಬಿದ್ದಿತ್ತು. ಆಮೇಲೆ ಎಡಗಾಲಿನಲ್ಲಿ ಶುರುವಾಗುವ ಫಿಟ್ಸ್. ಕುಶಿಂಗ್‌ಗಿಂತ ಮೊದಲು ಬೇರೊಬ್ಬ ಸರ್ಜನ್ ಒಮ್ಮೆ ತಲೆ ತೆರೆದೂ ನೋಡಿದ್ದರು. ಕುಶಿಂಗ್ ಕೆಲವು ದಿನಗಳ ಅಂತರದಲ್ಲಿ ಎರಡು ಹಂತ ಮಾಡಿ ಆಪರೇಷನ್ ಮಾಡಿದರು. ಗಡ್ಡೆ ಹೊರಬಂತು, ವುಡ್ ಎದ್ದು ಕೆಲಸಕ್ಕೆ ಹೋದರು. ಆ ಕಾಲದಲ್ಲಿ ಅದೊಂದು ಪವಾಡ. ಕುಶಿಂಗ್ ಅವರ ಕೀರ್ತಿಗೆ ಬಲ ಬಂದದ್ದೇ ಇಂಥ ಒಂದೆರಡು ಕೇಸುಗಳಿಂದ.

ವುಡ್ ಆಮೇಲೆ ಸುಮ್ಮನೆ ಕೂರಲಿಲ್ಲ. 1920ರಲ್ಲಿ ಅಧ್ಯಕ್ಷ ಪದವಿಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ಟಿಗಾಗಿ ಪೈಪೋಟಿ ನಡೆಸಿದರು, ಸ್ವಲ್ಪದರಲ್ಲಿ ತಪ್ಪಿತು. 1921ರಿಂದ ಫಿಲಿಪ್ಪೀನ್ಸ್‌ನ ಗವರ್ನರ್ ಜನರಲ್ ಆಗಿದ್ದರು. ಅಲ್ಲಿರುವಾಗಲೇ ಎಡಗಾಲು ಮತ್ತೆ ಎಳೆಯತೊಡಗಿತು, ದೃಷ್ಟಿ ಮಂಕಾಯಿತು. 1927ರ ಆಗಸ್ಟಿನಲ್ಲಿ ಬಾಸ್ಟನ್ನಿಗೆ ಬಂದು ಅದೇ ಕುಶಿಂಗ್ ಅವರ ಮುಂದೆ ಮಲಗಿದರು. ಹದಿನೇಳು ವರ್ಷದ ಮೇಲೆ, ಅದೇ ಗಡ್ಡೆ, ಅದೇ ಜಾಗ, ಅವೇ ಕೈಗಳು. ಆಪರೇಷನ್ ಮುಗಿದು ಕೆಲವೇ ಗಂಟೆಗಳಲ್ಲಿ ವುಡ್ ತೀರಿಕೊಂಡರು. ಕುಶಿಂಗ್ ಅವರನ್ನು ಅದು ಬಹಳ ಕಾಡಿತು.

ಹೆದರಿಸಲಿಕ್ಕೆ ಈ ಕಥೆ ಹೇಳುತ್ತಿಲ್ಲ. 1927ರಲ್ಲಿ ಸ್ಕ್ಯಾನ್ ಇರಲಿಲ್ಲ. ಕಾಲು ಎಳೆದು ಕಣ್ಣು ಮಂಜಾದ ಮೇಲಷ್ಟೇ ಗಡ್ಡೆ ಮರಳಿದ್ದು ತಿಳಿಯುತ್ತಿತ್ತು. ಅಣ್ಣನದು ಏನೂ ತೊಂದರೆ ಇಲ್ಲದಿರುವಾಗಲೇ ವರ್ಷದ ಸ್ಕ್ಯಾನಿನಲ್ಲಿ ಸಿಕ್ಕಿದೆ. ನಾನು ವುಡ್ ಹೆಸರು ತಂದದ್ದು ಇಷ್ಟಕ್ಕೆ: ಆ ಶತಮಾನದ ಅತ್ಯುತ್ತಮ ಕೈಯಿಂದ ತೆಗೆಸಿಕೊಂಡದ್ದೂ ಮರಳಿತು. ಕೈಯ ದೋಷ ಹುಡುಕುವ ಮುನ್ನ ಇದು ನೆನಪಿರಲಿ.

ಹಾಗಾದರೆ ಯಾವುದು ಮರಳುತ್ತದೆ, ಯಾವುದು ಮರಳುವುದಿಲ್ಲ? ಇದನ್ನು ಲೆಕ್ಕ ಹಾಕಿ ನೋಡಿದವರು ಡೊನಾಲ್ಡ್ ಸಿಂಪ್ಸನ್ ಎಂಬ ಆಸ್ಟ್ರೇಲಿಯಾದ ಸರ್ಜನ್. ಆಗಿನ್ನೂ ಕಿರಿಯರು. 1957ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನವನ್ನು ಇವತ್ತಿಗೂ ನರಶಸ್ತ್ರಚಿಕಿತ್ಸೆಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಸಿಂಪ್ಸನ್ ಕೇಳಿದ ಪ್ರಶ್ನೆ ನಿಮ್ಮದೇ. ಹಳೆಯ ಕೇಸ್‌ಶೀಟುಗಳನ್ನು ತೆಗೆದು, ಪ್ರತಿಯೊಬ್ಬರಲ್ಲೂ ಎಷ್ಟು ತೆಗೆದಿದ್ದರು ಎಂದು ಐದು ದರ್ಜೆಗಳಾಗಿ ವಿಂಗಡಿಸಿದರು. ಗಡ್ಡೆಯ ಜೊತೆಗೆ ಅದು ಬೇರೂರಿದ್ದ ಡ್ಯೂರಾ ಮತ್ತು ಕೆಟ್ಟ ಮೂಳೆಯನ್ನೂ ತೆಗೆದಿದ್ದರೆ ಒಂದನೇ ದರ್ಜೆ. ಗಡ್ಡೆ ತೆಗೆದು, ಡ್ಯೂರಾವನ್ನು ಕತ್ತರಿಸದೆ ಅಲ್ಲೇ ಸುಟ್ಟಿದ್ದರೆ ಎರಡನೆಯದು. ಗಡ್ಡೆ ಮಾತ್ರ ತೆಗೆದು ಬೇರಿಗೆ ಕೈ ಹಚ್ಚದಿದ್ದರೆ ಮೂರು. ಗಡ್ಡೆಯಲ್ಲೇ ಸ್ವಲ್ಪ ಬಿಟ್ಟಿದ್ದರೆ ನಾಲ್ಕು. ಬರೀ ತುಣುಕು ತೆಗೆದು ಒತ್ತಡ ಇಳಿಸಿ ಮುಚ್ಚಿದ್ದರೆ ಐದು. ಒಂದನೇ ದರ್ಜೆಯವರಲ್ಲಿ ಶೇ. 9, ಎರಡರಲ್ಲಿ ಶೇ. 19, ಮೂರರಲ್ಲಿ ಶೇ. 29, ನಾಲ್ಕರಲ್ಲಿ ಶೇ. 40ರ ಆಸುಪಾಸು ಗಡ್ಡೆ ಮತ್ತೆ ತಲೆ ಎತ್ತಿತ್ತು.

ಎಲ್ಲರೂ ನೋಡುವುದು ಆ ಏರುತ್ತ ಹೋಗುವ ಅಂಕಿಗಳನ್ನು. ನನ್ನ ಕಣ್ಣು ಯಾವಾಗಲೂ ಮೊದಲನೆಯ 9ರ ಮೇಲೇ ನಿಲ್ಲುತ್ತಿತ್ತು. ಬೇರು, ಮೂಳೆ ಎಲ್ಲವನ್ನೂ ಕಿತ್ತ ಮೇಲೂ ನೂರರಲ್ಲಿ ಒಂಬತ್ತು! ಇನ್ನೊಂದು ಗಮನಿಸಿ: ಮೊದಲ ಮೂರು ದರ್ಜೆಗಳಲ್ಲೂ ಸರ್ಜನ್ ಹೊರಗೆ ಬಂದು ‘ಪೂರ್ತಿ ತೆಗೆದಿದ್ದೇವೆ’ ಎಂದೇ ಹೇಳಬಹುದು. ಹೇಳಿದರೆ ತಪ್ಪೂ ಅಲ್ಲ. 9 ಮತ್ತು 29ರ ಅಂತರ ಆ ಒಂದೇ ವಾಕ್ಯದೊಳಗೆ ಅಡಗಿ ಕೂತಿರುತ್ತದೆ.

ಈಗ ಅಣ್ಣನ ಗಡ್ಡೆ ಇರುವ ಜಾಗಕ್ಕೆ ಬನ್ನಿ. ವುಡ್ ಅವರದು ನೆತ್ತಿಯ ಬಳಿ, ಬುರುಡೆಯ ಮೇಲ್ಭಾಗದಲ್ಲಿ. ಅಣ್ಣನದು ಬುರುಡೆಯ ತಳದಲ್ಲಿ. ಕಣ್ಣುಗೂಡಿನ ಹಿಂಗೋಡೆಯಾಗಿ ರೆಕ್ಕೆಯ ಆಕಾರದ ಒಂದು ಮೂಳೆ ಇದೆ, ಸ್ಫೀನಾಯ್ಡ್ ಎನ್ನುತ್ತಾರೆ. ಅಲ್ಲಿ ಹುಟ್ಟಿದ ಮೆನಿಂಜಿಯೋಮಾ ಮೂಳೆಯ ಸಣ್ಣ ಸಣ್ಣ ಕಾಲುವೆಗಳೊಳಗೂ ನುಸುಳುತ್ತದೆ. ಮೂಳೆ ದಪ್ಪವಾಗುತ್ತದೆ, ಕಣ್ಣಿಗೆ ಹಿಂದೆ ಜಾಗ ಸಾಲದೆ ಮುಂದೆ ಬರುತ್ತದೆ. ನೋವಿಲ್ಲ, ಕೆಂಪಿಲ್ಲ. ಮನೆಯವರಿಗಿಂತ ಮೊದಲು, ಬಹಳ ದಿನದ ಮೇಲೆ ಬಂದ ನೆಂಟರೇ ಗುರುತಿಸುತ್ತಾರೆ. ನಿಮ್ಮಲ್ಲೂ ಹಾಗೇ ಆಯಿತಲ್ಲ, ಹುಬ್ಬಳ್ಳಿಯ ಚಿಕ್ಕಮ್ಮ ಹೇಳಿದ್ದು!

ಆ ರೆಕ್ಕೆ ಮಧ್ಯಕ್ಕೆ ಬಂದು ಸೇರುವ ಕಡೆ ಕ್ಯಾವರ್ನಸ್ ಸೈನಸ್ ಎಂಬ ಜಾಗ ಇದೆ. ಉದ್ದ ಸುಮಾರು 2 ಸೆಂಟಿಮೀಟರ್, ಅಗಲ ಅದರ ಅರ್ಧ. ಅಷ್ಟರೊಳಗೆ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಕೆರೋಟಿಡ್ ಧಮನಿ ಬಳುಕಿಕೊಂಡು ಹೋಗುತ್ತದೆ. ಸುತ್ತ ಅಭಿಧಮನಿಯ ರಕ್ತ. ಕಣ್ಣುಗುಡ್ಡೆಯನ್ನು ತಿರುಗಿಸುವ ಮೂರು ನರಗಳು, ಮುಖದ ಸ್ಪರ್ಶ ತಿಳಿಸುವ ನರದ ಕವಲುಗಳು, ಎಲ್ಲವೂ ಅದರ ಗೋಡೆಯಲ್ಲೋ ಒಳಗೋ ಇವೆ. ಸ್ವಲ್ಪ ಮೇಲೆ, ಎಲುಬಿನ ಕಿರುದಾರಿಯಲ್ಲಿ, ದೃಷ್ಟಿಯ ನರ. ಮೆನಿಂಜಿಯೋಮಾ ಅಲ್ಲಿಗೆ ಹೊಕ್ಕರೆ ಸಿಂಪ್ಸನ್ನರ ಒಂದನೇ ದರ್ಜೆ ಎಂಬುದು ಪುಸ್ತಕದಲ್ಲೇ ಉಳಿಯುತ್ತದೆ. ಬೇರೂರಿದ ಡ್ಯೂರಾವನ್ನು ಕತ್ತರಿಸಿ ತೆಗೆಯಿರಿ ಅಂದರೆ ಯಾವುದನ್ನು ಕತ್ತರಿಸಬೇಕು, ಧಮನಿಯನ್ನೇ?

ಆದರೂ ಪ್ರಯತ್ನ ನಡೆಯಿತು. ಯಾರೂ ಕೈ ಹಾಕದಿದ್ದ ಆ ಜಾಗಕ್ಕೆ 1980ರ ದಶಕದಲ್ಲಿ ವಿಂಕೊ ದೊಲೆಂಚ್ ಎಂಬ ಸ್ಲೊವೇನಿಯಾದ ಸರ್ಜನ್ ದಾರಿ ಮಾಡಿ ತೋರಿಸಿದರು. ಮುಂದಿನ ಹತ್ತು ಹದಿನೈದು ವರ್ಷ ಬುರುಡೆ ತಳದ ಶಸ್ತ್ರಚಿಕಿತ್ಸೆಗೆ ಒಂದು ಬಗೆಯ ಜಾತ್ರೆಯ ಕಾಲ. ಮೈಕ್ರೋಸ್ಕೋಪು, ಸೂಕ್ಷ್ಮ ಡ್ರಿಲ್ಲು, ಹೊಸ ಹೊಸ ದಾರಿಗಳು. ಹನ್ನೆರಡು, ಹದಿನೈದು ಗಂಟೆಯ ಆಪರೇಷನ್ನುಗಳು. ಗಡ್ಡೆ ಹೋಯಿತು, ಸ್ಕ್ಯಾನ್ ಸ್ವಚ್ಛವಾಯಿತು. ರೋಗಿಯ ರೆಪ್ಪೆ ಜೋತುಬಿತ್ತು, ಒಂದು ವಸ್ತು ಎರಡಾಗಿ ಕಾಣತೊಡಗಿತು, ಅರ್ಧ ಮುಖ ಜೋಮು ಹಿಡಿಯಿತು. ಹತ್ತು ವರ್ಷ ಬಿಟ್ಟು ನೋಡಿದರೆ ಅಷ್ಟೆಲ್ಲ ಕೊಟ್ಟ ಮೇಲೂ ಕೆಲವರಲ್ಲಿ ಗಡ್ಡೆ ಮರಳಿತ್ತು. ಅದೇ ಹೊತ್ತಿಗೆ ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲಿ ಹೇಳಿದ್ದ, 1968ರಲ್ಲಿ ಗಾಮಾ ನೈಫ್ ಎಂಬ ಯಂತ್ರವಾಗಿ ಬಂದಿದ್ದ ರೇಡಿಯೋಸರ್ಜರಿ ಪಕ್ವವಾಗಿತ್ತು. ಅಳಿದುಳಿದ ಸಣ್ಣ ಗಡ್ಡೆಗೆ ಎಲ್ಲ ದಿಕ್ಕಿನಿಂದ ಗಾಮಾ ಕಿರಣ ಹಾಯಿಸಿ ಬೆಳವಣಿಗೆ ನಿಲ್ಲಿಸಬಹುದು ಎಂದಾಯಿತು. ಆಗ ಸರ್ಜನ್ನರು ಹಿಂದೆ ಸರಿದರು. ಸೋತು ಸರಿದದ್ದಲ್ಲ. ತೆಗೆಯಲು ಬರುವುದನ್ನು ತೆಗೆದು, ನರವನ್ನೋ ಧಮನಿಯನ್ನೋ ಅಪ್ಪಿಕೊಂಡ ತೆಳು ಪದರವನ್ನು ಗೊತ್ತಿದ್ದೇ ಬಿಡುವುದು ಈಗ ಜಾಣತನ ಎನಿಸಿಕೊಂಡಿದೆ. ಕಿವಿಯ ನರದ ಗಡ್ಡೆಗಳಲ್ಲೂ ಇದೇ ರೀತಿ: ಮುಖ ಸೊಟ್ಟಗಾಗದಿರಲೆಂದು ಮುಖದ ನರದ ಮೇಲಿನ ಚೂರನ್ನು ಬಿಟ್ಟು ಬರುತ್ತಾರೆ.

ನನ್ನ ಪಕ್ಷ ಯಾವುದು ಎಂದು ಕೇಳಿದರೆ, ನಿಲ್ಲಿಸಲು ಬಲ್ಲವರದು. ಚೂರು ಬಿಟ್ಟು ಬರಲು ತೆಗೆಯುವುದಕ್ಕಿಂತ ಹೆಚ್ಚು ಎದೆಗಾರಿಕೆ ಬೇಕು ಎಂದು ನನಗೆ ಅನ್ನಿಸುತ್ತದೆ, ಯಾಕೆಂದರೆ ಮುಂದೆ ಎಂದೋ ‘ಪೂರ್ತಿ ಯಾಕೆ ತೆಗೆಯಲಿಲ್ಲ’ ಎಂದು ಕೇಳುವವರು ಇದ್ದೇ ಇರುತ್ತಾರೆ. ನನ್ನ ತಕರಾರು ಬೇರೆ. ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಬೇಕು, ಡಿಸ್ಚಾರ್ಜ್ ಕಾಗದದಲ್ಲಿ ಬರೆಯಬೇಕು: ಇಂಥ ಜಾಗದಲ್ಲಿ ಇಷ್ಟು ಉಳಿದಿದೆ, ಇಂಥ ಕಾರಣಕ್ಕೆ. ನೀವು ಕಳಿಸಿದ ಜೆರಾಕ್ಸಿನಲ್ಲಿ ಒಂದೇ ಸಾಲು ಇದೆ. ಗಡ್ಡೆ ತೆಗೆಯಲಾಯಿತು, ರೋಗಿ ಆರೋಗ್ಯವಾಗಿದ್ದಾರೆ. ಡ್ಯೂರಾದ ಮಾತಿಲ್ಲ, ಮೂಳೆಯ ಮಾತಿಲ್ಲ, ಸಿಂಪ್ಸನ್ ದರ್ಜೆ ಇಲ್ಲ. ಆ ಒಂದು ಸಾಲಿನ ಜಿಪುಣತನವೇ ಆರು ವರ್ಷದ ಮೇಲೆ ನಿಮ್ಮ ಕಾಗದದಲ್ಲಿ ಹೊಡೆದು ಹಾಕಿದ ಸಾಲಾಗಿ ಬಂದಿದೆ.

ಇನ್ನು ಪಕ್ಕದ ಮನೆಯವರು ಹೇಳಿದ ಮಾತು. ‘ಮೆದುಳಿನ ಗಡ್ಡೆ ಅಂದರೆ ವರ್ಷದೊಳಗೆ ಮತ್ತೆ ಬರುತ್ತದೆ, ನಮ್ಮ ಭಾವನಿಗೆ ಹಾಗೇ ಆಯಿತು.’ ಅವರ ಭಾವನಿಗೆ ಇದ್ದದ್ದು ಗ್ಲಯೋಮಾ ಜಾತಿಯದ್ದಿರಬೇಕು. ಅದಕ್ಕೂ ಅಣ್ಣನದಕ್ಕೂ ಸಂಬಂಧವೇ ಇಲ್ಲ. ಗ್ಲಯೋಮಾ ಹುಟ್ಟುವುದು ಮೆದುಳಿನೊಳಗೇ, ನರಗಳಿಗೆ ಆಸರೆಯಾಗಿರುವ ಕೋಶಗಳಿಂದ. ಅದು ಮೆದುಳನ್ನು ಒತ್ತುವುದಷ್ಟೇ ಅಲ್ಲ, ಅದರೊಳಗೆ ಬೆರೆತುಹೋಗುತ್ತದೆ. ಸ್ಕ್ಯಾನಿನಲ್ಲಿ ಕಾಣುವ ಮುದ್ದೆಯಾಚೆಗೂ ಒಂದೊಂದೇ ಕೋಶ ನರತಂತುಗಳ ಗುಂಟ ಹರಿದಿರುತ್ತದೆ. ಅದನ್ನು ಪೂರ್ತಿ ತೆಗೆಯಿರಿ ಎನ್ನುವುದು, ಸಾರಿಗೆ ಒಗ್ಗರಣೆ ಹಾಕಿದ ಮೇಲೆ ಇಂಗನ್ನು ಮಾತ್ರ ಹೆಕ್ಕಿ ಕೊಡಿ ಎಂದ ಹಾಗೆ.

1928ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಇದಕ್ಕೊಂದು ಭಯಂಕರ ಉತ್ತರ ಹುಡುಕಿದರು. ಗ್ಲಯೋಮಾ ಇದ್ದ ಕೆಲವರಲ್ಲಿ ಮೆದುಳಿನ ಬಲಭಾಗವನ್ನು ಇಡಿಯಾಗಿ ತೆಗೆದರು, ಅರ್ಧ ಮೆದುಳು! ರೋಗಿಗಳು ಮಾತಾಡಿದರು, ನಕ್ಕರು. ಆದರೂ ಗಡ್ಡೆ ಮರಳಿತು. ಅಲ್ಲಿಗೆ ಕತ್ತಿಯೊಂದರಿಂದಲೇ ಇದು ಬಗೆಹರಿಯುವುದಿಲ್ಲ ಎಂದು ಗೊತ್ತಾಯಿತು. ಈಗಲೂ ಈ ಜಾತಿಯ ಅತಿ ಕೆಟ್ಟದಾದ ಗ್ಲಯೋಬ್ಲಾಸ್ಟೋಮಾಕ್ಕೆ ಆಪರೇಷನ್, ರೇಡಿಯೇಶನ್, ಟೆಮೊಜೋಲೊಮೈಡ್ ಮಾತ್ರೆ, ಮೂರೂ ಬೇಕು. ಆ ಮಾತ್ರೆ ಸೇರಿದ್ದರಿಂದ ರೋಗಿಗಳ ಆಯುಷ್ಯದ ಮಧ್ಯಮಾನ 12.1 ತಿಂಗಳಿದ್ದದ್ದು 14.6 ತಿಂಗಳಾಯಿತು ಎಂದು 2005ರಲ್ಲಿ ಪ್ರಕಟವಾದಾಗ ಜಗತ್ತಿನ ವೈದ್ಯರು ಹಿಗ್ಗಿದರು. ಎರಡೂವರೆ ತಿಂಗಳಿಗೆ ಹಿಗ್ಗಿದರು ಎಂದರೆ ಆ ರೋಗ ಎಂಥದ್ದು ನೋಡಿ.

ಅದೇ 1928ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ತಮ್ಮ ಸ್ವಂತ ಅಕ್ಕ ರೂತ್‌ಗೆ ಆಪರೇಷನ್ ಮಾಡಿದರು. ಆರು ಮಕ್ಕಳ ತಾಯಿ, ಎಷ್ಟೋ ವರ್ಷಗಳಿಂದ ಫಿಟ್ಸ್, ತಲೆನೋವು. ಬಲಗಡೆಯ ಹಣೆಯ ಹಿಂದಿನ ಮೆದುಳಿನಲ್ಲಿ ದೊಡ್ಡ ಗ್ಲಯೋಮಾ. ತಮ್ಮ ಅದನ್ನು ಆದಷ್ಟೂ ತೆಗೆದ, ಆ ಭಾಗದ ಮೆದುಳನ್ನೂ ಬಹುಪಾಲು ತೆಗೆದ. ಎಲ್ಲವನ್ನೂ ತೆಗೆಯಲು ಆಗಲಿಲ್ಲ ಎಂಬುದು ಅವನಿಗೆ ಅಲ್ಲೇ ಗೊತ್ತಾಗಿತ್ತು. ರೂತ್ ಮನೆಗೆ ಹೋದರು, ಮಕ್ಕಳನ್ನು ನೋಡಿಕೊಂಡರು. ಸುಮಾರು ಹದಿನೈದು ತಿಂಗಳ ಮೇಲೆ ತಮ್ಮ ಊಟಕ್ಕೆ ಬಂದ. ಮನೆಯವರು ನಾಲ್ವರು, ಅತಿಥಿ ಒಬ್ಬ. ಅಡುಗೆಗೆ ಇಡೀ ದಿನ ಇತ್ತು. ಆದರೆ ಹೊತ್ತಾದಾಗ ಸಾಮಾನೆಲ್ಲ ಅಡುಗೆಮನೆಯಲ್ಲಿ ಹಾಗೇ ಹರಡಿತ್ತು. ಒಂದೆರಡು ಒಲೆಯ ಮೇಲಿದ್ದವು, ಮಾಂಸ ಇನ್ನೂ ಒಲೆಗೇರಿರಲಿಲ್ಲ, ಅಕ್ಕ ದಿಕ್ಕು ತೋಚದೆ ನಿಂತಿದ್ದಳು. ಒಂದೊಂದು ಅಡುಗೆಯೂ ಆಕೆಗೆ ಬರುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಂದಿಸುವುದು ಕೈತಪ್ಪಿತ್ತು. ಪೆನ್‌ಫೀಲ್ಡ್ ಇದನ್ನು ಗಮನಿಸಿ ಮುಂದೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹಣೆಯ ಹಿಂದಿನ ಮೆದುಳು ಏನು ಮಾಡುತ್ತದೆ ಎಂಬುದಕ್ಕೆ ಇವತ್ತಿಗೂ ಕೊಡುವ ಉದಾಹರಣೆ ಅದು. ಗಡ್ಡೆ ಮತ್ತೆ ಬೆಳೆಯಿತು. ಎರಡನೇ ಆಪರೇಷನ್ ಮಾಡಿದ್ದು ಕುಶಿಂಗ್. 1931ರಲ್ಲಿ ರೂತ್ ತೀರಿಕೊಂಡರು. ಮೂರು ವರ್ಷದ ಮೇಲೆ ಪೆನ್‌ಫೀಲ್ಡ್ ಅವರ ಕನಸಿನ ನರರೋಗ ಸಂಸ್ಥೆ ಮಾಂಟ್ರಿಯಲ್ಲಿನಲ್ಲಿ ಬಾಗಿಲು ತೆರೆಯಿತು. ಅಲ್ಲಿ ಕಲಿತು ಬಂದ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಶುರು ಮಾಡಿದರು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಅಡಿಪಾಯ ಹಾಕಿದವರು ಡಾ. ಆರ್. ಎಂ. ವರ್ಮಾ, ಈಗಿನ ನಿಮ್ಹಾನ್ಸ್‌ನಲ್ಲಿ.

ಎಲ್ಲಿಂದ ಎಲ್ಲಿಗೋ ಹೋದೆ. ಅಣ್ಣನದಕ್ಕೆ ವಾಪಸ್ ಬರುತ್ತೇನೆ.

ಮೊದಲು ನೋಡಬೇಕಾದ್ದು ಆರು ವರ್ಷದ ಹಿಂದಿನ ಬಯಾಪ್ಸಿ ರಿಪೋರ್ಟಿನಲ್ಲಿ ಗ್ರೇಡ್ ಎಷ್ಟು ಎಂದು. ಮೆನಿಂಜಿಯೋಮಾಗಳಲ್ಲಿ ಹೆಚ್ಚಿನವು, ಸುಮಾರು ಶೇ. 80, ಒಂದನೇ ಗ್ರೇಡಿನವು. ಸಿಂಪ್ಸನ್ ದರ್ಜೆ ಎಷ್ಟು ತೆಗೆದರು ಎಂಬುದನ್ನು ಹೇಳುತ್ತದೆ, ಈ ಗ್ರೇಡ್ ಗಡ್ಡೆಯ ಸ್ವಭಾವವನ್ನು. ಎರಡನ್ನೂ ಕಲಸಬೇಡಿ. ನಾವು ಮೈಕ್ರೋಸ್ಕೋಪಿನಲ್ಲಿ ಹತ್ತು ಜಾಗ ನೋಡಿ, ಒಡೆದು ಎರಡಾಗುತ್ತಿರುವ ಕೋಶಗಳನ್ನು ಎಣಿಸುತ್ತೇವೆ. ನಾಲ್ಕು ಅಥವಾ ಹೆಚ್ಚಿದ್ದರೆ ಎರಡನೇ ಗ್ರೇಡು, ಇಪ್ಪತ್ತು ಅಥವಾ ಹೆಚ್ಚಿದ್ದರೆ ಮೂರು. ಮೆದುಳಿನೊಳಕ್ಕೆ ನುಗ್ಗಿದ್ದರೂ ಎರಡು. ಈಚೆಗೆ ಕೆಲವು ಜೀನ್ ಬದಲಾವಣೆಗಳನ್ನೂ ನೋಡುತ್ತಾರೆ. ನೀವು ಕಳಿಸಿದ ಕಾಗದಗಳಲ್ಲಿ ಡಿಸ್ಚಾರ್ಜ್ ಸಮ್ಮರಿ ಇದೆ, ಬಿಲ್ ಇದೆ, ಬಯಾಪ್ಸಿ ಹಾಳೆಯೇ ಇಲ್ಲ. ಹುಡುಕಿಸಿ.

ಎರಡನೆಯದು ವೇಗ. ಮರಳಿದೆ ಎಂದ ಮಾತ್ರಕ್ಕೆ ಓಡುತ್ತಿದೆ ಎಂದಲ್ಲ. ಒಂದನೇ ಗ್ರೇಡಿನದಾದರೆ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುವುದೂ ಉಂಟು, ವರ್ಷಗಟ್ಟಲೆ ಹಾಗೇ ಕೂತಿರುವುದೂ ಉಂಟು. ಆರು ವರ್ಷದ ಎಲ್ಲ ಸ್ಕ್ಯಾನುಗಳ ಸಿಡಿಗಳನ್ನೂ ಒಟ್ಟಿಗೆ ಒಯ್ದು, ಒಬ್ಬರೇ ರೇಡಿಯಾಲಜಿಸ್ಟ್ ಪಕ್ಕಪಕ್ಕ ಇಟ್ಟು ನೋಡಲಿ. ಹೋದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ಮಾತ್ರ ಹೋಲಿಸಿದರೆ ಸಣ್ಣ ಬದಲಾವಣೆ ತಪ್ಪಿಹೋಗುತ್ತದೆ. ಮೊದಲಿನದಕ್ಕೂ ಈಗಿನದಕ್ಕೂ ಹೋಲಿಸಬೇಕು. ಆಪರೇಷನ್ನಿನ ಗಾಯದ ಕಲೆಯೂ ಸ್ಕ್ಯಾನಿಗೆಂದು ಚುಚ್ಚುವ ಔಷಧಿ ಹೀರಿ ಗಡ್ಡೆಯ ಹಾಗೇ ಬೆಳ್ಳಗೆ ಕಾಣಬಹುದು ಎಂಬುದು ನೆನಪಿರಲಿ.

ಬೆಳೆಯುತ್ತಿರುವುದು ನಿಜವಾದರೆ ಕಿರಣ ಹಾಯಿಸುವ ದಾರಿಗಳು ಎರಡು. ಸಣ್ಣದಿದ್ದು, ದೃಷ್ಟಿಯ ನರದಿಂದ ಒಂದೆರಡು ಮಿಲಿಮೀಟರಾದರೂ ದೂರವಿದ್ದರೆ ಗಾಮಾ ನೈಫ್, ಒಂದೇ ದಿನದ ಕೆಲಸ. ಗಡ್ಡೆಗೆ ಬೇಕಾದ ಕಿರಣದ ಪ್ರಮಾಣ 12ರಿಂದ 14 ಗ್ರೇ (ಅದರ ಅಳತೆಯ ಹೆಸರು), ಆ ನರ ಒಂದೇ ಸಲಕ್ಕೆ ತಡೆಯುವುದು 8ರ ಆಸುಪಾಸು. ಹಾಗಾಗಿ ನರಕ್ಕೆ ತಾಗಿಕೊಂಡೇ ಇದ್ದರೆ ದಿನಕ್ಕೆ ಸ್ವಲ್ಪಸ್ವಲ್ಪವಾಗಿ, ಆರು ವಾರಗಳ ರೇಡಿಯೇಶನ್. ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ. ಎರಡರಲ್ಲೂ ಗಡ್ಡೆ ಮಾಯವಾಗುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ. ಸ್ಕ್ಯಾನಿನಲ್ಲಿ ಅದು ಮುಂದೆಯೂ ಕಾಣುತ್ತಲೇ ಇರುತ್ತದೆ. ಇದನ್ನು ಅಣ್ಣನಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಮುಂದಿನ ರಿಪೋರ್ಟು ನೋಡಿ ಮತ್ತೆ ಕುಸಿಯುತ್ತಾರೆ.

ಕಣ್ಣು ಮತ್ತೆ ಮುಂದೆ ಬರುತ್ತಿದ್ದರೆ, ದೃಷ್ಟಿ ಕಿರಿದಾಗುತ್ತಿದ್ದರೆ ಎರಡನೇ ಆಪರೇಷನ್. ‘ಒಂದು ಸಲ ತೆರೆದ ತಲೆಯನ್ನು ಇನ್ನೊಮ್ಮೆ ತೆರೆಯಬಹುದೇ’ ಎಂದು ಕೇಳಿದ್ದೀರಿ. ತೆರೆಯಬಹುದು. ಕಲೆ ಬಿದ್ದ ಕಡೆ ಪದರಗಳು ಅಂಟಿಕೊಂಡಿರುವುದರಿಂದ ಕಷ್ಟ ಹೆಚ್ಚು, ಚರ್ಮ ಮಾಯುವುದು ನಿಧಾನ, ಅಷ್ಟೆ. 1885ರಲ್ಲಿ ರೋಮಿನಲ್ಲಿ ಫ್ರಾನ್ಚೆಸ್ಕೊ ದುರಾಂತೆ ಎಂಬ ಸರ್ಜನ್ ಮೂಗಿನ ಮೇಲ್ಗಡೆ, ಬುರುಡೆಯ ತಳದಲ್ಲಿದ್ದ ಇಂಥದ್ದೇ ಗಡ್ಡೆಯನ್ನು ಒಬ್ಬ ಹೆಂಗಸಿನಿಂದ ತೆಗೆದರು. ಮೈಕ್ರೋಸ್ಕೋಪಿಲ್ಲ, ರಕ್ತ ಕೊಡುವ ವ್ಯವಸ್ಥೆಯಿಲ್ಲ, ಆಂಟಿಬಯಾಟಿಕ್ ಇಲ್ಲ. 1896ರಲ್ಲಿ ಗಡ್ಡೆ ಮರಳಿತು, ಮತ್ತೆ ತೆಗೆದರು. ಆ ಹೆಂಗಸು ಅದಾದ ಮೇಲೂ ಎಷ್ಟೋ ವರ್ಷ ಚೆನ್ನಾಗಿ ಬಾಳಿದಳು. ಲಿಯೊನಾರ್ಡ್ ವುಡ್ ಕಥೆ ಹೇಳಿದ ಮೇಲೆ ಈಕೆಯದ್ದನ್ನೂ ಹೇಳದಿದ್ದರೆ ಅನ್ಯಾಯ.

ಸದ್ಯಕ್ಕೆ ಯಾವ ಅವಸರವೂ ಕಾಣುತ್ತಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ದೃಷ್ಟಿಯ ವ್ಯಾಪ್ತಿ ಅಳೆಸಿ ಆ ಕಾಗದ ಇಟ್ಟುಕೊಳ್ಳಿ, ಮುಂದಿನ ಸಲಕ್ಕೆ ಹೋಲಿಸಲು ಬೇಕು. ಫಿಟ್ಸ್ ಮಾತ್ರೆಯನ್ನು ‘ಆರು ವರ್ಷ ಏನೂ ಆಗಿಲ್ಲ’ ಎಂದು ಅಣ್ಣ ಆಗಾಗ ಬಿಡುತ್ತಾರೆ ಎಂದಿರಿ. ಬಿಡಬಾರದು. ನಿಲ್ಲಿಸುವುದಾದರೂ ಡಾಕ್ಟರು ಹೇಳಿ, ಹಂತ ಹಂತವಾಗಿ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ಅದರಿಂದಲೇ ಫಿಟ್ಸ್ ಬರುತ್ತದೆ, ಅಡಿಕೆ ಮರ ಹತ್ತಿಸುವ ಗಡಿಬಿಡಿಯಲ್ಲಿ ತೋಟದ ನಡುವೆ ಬಿದ್ದರೆ ಕಷ್ಟ.

ಕೊನೆಗೆ ನನ್ನ ಕಸುಬಿನ ಒಂದು ಗುಟ್ಟು. ಬಯಾಪ್ಸಿ ಹಾಳೆ ಸಿಗದಿದ್ದರೂ ಕೈಚೆಲ್ಲಬೇಡಿ. ತೆಗೆದ ಗಡ್ಡೆಯ ಚೂರುಗಳನ್ನು ಮೇಣದಲ್ಲಿ ಹುದುಗಿಸಿ ಲ್ಯಾಬಿನಲ್ಲಿ ವರ್ಷಗಟ್ಟಲೆ ಇಟ್ಟಿರುತ್ತಾರೆ, ಬ್ಲಾಕ್ ಎನ್ನುತ್ತಾರೆ. ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಹೋಗಿ, ಅಣ್ಣನ ಆಸ್ಪತ್ರೆ ನಂಬರು ಕೊಟ್ಟು, ಅವರದೇ ಸಹಿಯ ಅರ್ಜಿ ಬರೆದು, ‘ಬ್ಲಾಕ್ ಮತ್ತು ಸ್ಲೈಡು ಮರುಪರಿಶೀಲನೆಗೆ ಬೇಕು’ ಎಂದು ಕೇಳಿ. ಕೌಂಟರಿನಲ್ಲಿ ಇಲ್ಲ ಅಂದರೆ ಅಲ್ಲಿಗೇ ಹಿಂತಿರುಗಬೇಡಿ, ಒಳಗೆ ಹೋಗಿ ವಿಭಾಗದ ಮುಖ್ಯಸ್ಥರನ್ನು ಕಾಣಿ. ಸಿಕ್ಕಿದ ಮೇಲೆ ಹೊಸ ಡಾಕ್ಟರು ಹೇಳಿದ ಕಡೆಗೆ ಕೊಡಿ, ಅವರು ಗ್ರೇಡನ್ನು ಹೊಸದಾಗಿ ನೋಡುತ್ತಾರೆ. ಬ್ಲಾಕನ್ನು ಹತ್ತಿಯಲ್ಲಿ ಸುತ್ತಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ಯಿರಿ. ಬಸ್ಸಿನಲ್ಲಿ ಕಿಟಕಿ ಬದಿ ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.

ಹಾಳೆಯಾಗಲಿ, ಬ್ಲಾಕಾಗಲಿ ಸಿಕ್ಕಿದ ದಿನ ಒಂದು ಫೋನ್ ಮಾಡಿ. ಅತ್ತಿಗೆಯವರಿಗೆ ಬೈಕಿನ ವಿಷಯ ಮರೆಯದೆ ಹೇಳಿ.

ವಿಶ್ವಾಸದಿಂದ,
ನಿಮ್ಮ ಹಳೆಯ ಮೇಷ್ಟ್ರು